ಅಜ್ಜಿ ಸಾಕಿದ ಮುದುಕಿ

“ಇಸ್ತ್ರಿಪೆಟ್ಟಿಗೆಗಳು ಕೆಂಡ ತಿಂದು ಬದುಕ್ತಿದ್ದ ಕಾಲದಲ್ಲಿ ಒಬ್ಬ ಹುಡುಗಿ ಇದ್ಲಂತೆ. ಒಬ್ಬ ಮುದುಕೀನೂ ಇದ್ಲಂತೆ. ಒಬ್ಬರ ಮುಖ ಒಬ್ಬರು ನೋಡೇ ಇರ್ಲಿಲ್ವಂತೆ. ಆದ್ರೂ ಸಂಬಳದ ದಿನ ಹುಡುಗಿ ಮೊದಲು ಮುದುಕಿಯ ಪಾಲು ಬ್ಯಾಂಕಿಗೆ ಹಾಕಿ, ಆಮೇಲೇ ಮನೆ ಬಾಡಿಗೆ...”

“ಅಜ್ಜೀ! ಕತೆ ಬೇಡ, ಸ್ಕೇಟ್ಸ್ ಬೇಕು!”

ಅಜ್ಜಿ ಮಂಚದ ಅಂಚಿನಲ್ಲಿ ಕೂತು ಬಿಸಿನೀರಿನ ಟಬ್ಬಿನಲ್ಲಿ ಕಾಲು ಇಳಿಬಿಟ್ಟಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಬೆಡ್‌ಶೀಟ್‌ಗಳಿಗೆ ಇಸ್ತ್ರಿ ಹಾಕುವವಳ ಕಾಲು ಅದು. ಸಂಜೆಯಾದರೆ ದಿಂಬಿನ ಹಾಗೆ ಊದಿಕೊಳ್ಳುತ್ತಿತ್ತು. ಮೊಮ್ಮಗಳಿಗೋ ನಿಂತಲ್ಲಿ ನಿಲ್ಲುವುದೇ ಗೊತ್ತಿಲ್ಲ. ಅದಕ್ಕೇ ಅವಳು ಎಲ್ಲರಿಗೂ ಗಿರಗಿಟ್ಲೆ.

“ಕ್ಲಾಸಲ್ಲಿ ನನ್ ಪಕ್ಕದವಳಿಗೆ ಅವರಪ್ಪ ಕಾರ್ಡ್ ಉಜ್ಜಿ ಕೊಡಿಸಿದ್ರು. ಅಮ್ಮನ ಹತ್ರಾನೂ ಕಾರ್ಡ್ ಇದೆ!”

“ಉಜ್ಜಿದ್ರೆ ಯಾರ ದುಡ್ಡು ಹೋಗುತ್ತೆ?”

“ಬ್ಯಾಂಕಿಂದು!”

“ಬ್ಯಾಂಕೇನು ನಿನ್ ಸೋದರಮಾವನಾ? ಮುಂದಿನ ತಿಂಗಳು ವಾಪಸ್ ಕೇಳುತ್ತೆ. ತಡ ಮಾಡಿದ್ರೆ ಜೊತೇಲಿ ಬಡ್ಡಿ ಅನ್ನೋ ಮರೀನೂ ಕರ್ಕೊಂಡ್ ಬರುತ್ತೆ.”

“ಹಾಗಾದ್ರೆ ನೀನು ಕೊಡ್ಸು.”

“ನನ್ನ ಹತ್ರ ಇರೋದು ಆ ಮುದುಕೀದು ಕಣೇ.”

ಗಿರಗಿಟ್ಲೆ ಮೊದಲ ಸಲ ಸುಮ್ಮನೆ ನಿಂತಳು. ಅಂದರೆ ಅದು ಕತೆಯಲ್ಲ! ಅಜ್ಜಿ ನಿಜವಾಗಿಯೂ ಯಾವಳೋ ಮುದುಕಿಯನ್ನು ಸಾಕುತ್ತಿದ್ದಾಳೆ!

“ನನಗಿಂತ ಅವಳೇ ಹೆಚ್ಚಾ ನಿನಗೆ? ಎಲ್ಲಿದ್ದಾಳೆ ಅವಳು?”

“ನನ್ನ ಕೆಲಸದ ಕೊನೇ ದಿನ ತೋರಿಸ್ತೀನಿ. ನಿನ್ನಾಣೆ.”

“ತೋರ್ಸು! ನನ್ನಜ್ಜಿ ಕಾಲು ಊದಿಸ್ಕೊಂಡು ದುಡಿದ ದುಡ್ಡು ತಗೊಳ್ಳೋಕೆ ನಾಚಿಕೆ ಆಗಲ್ವಾ ಅಂತ ಕೇಳೇ ಕೇಳ್ತೀನಿ.”

ಅಜ್ಜಿ ನಕ್ಕಿದ್ದಕ್ಕೆ ಟಬ್ಬಿನ ನೀರು ತುಳುಕಿತು.

ಬೇಸಿಗೆ ರಜೆಯಲ್ಲಿ ಆ ಕೊನೇ ದಿನ ಬಂತು. ಗಿರಗಿಟ್ಲೆ ಲಾಂಡ್ರಿಯ ಬಾಗಿಲಲ್ಲಿ ಕಾಯುತ್ತಿದ್ದಳು. ಹಬೆಯ ನಡುವೆ ಅಜ್ಜಿ ಕೊನೆಯ ಬೆಡ್‌ಶೀಟನ್ನು ಒಮ್ಮೆ ಕೊಡವಿದಳು. ಅದು ಹಡಗಿನ ಹಾಯಿಯಂತೆ ಉಬ್ಬಿ, ಮರುಕ್ಷಣ ಪುಸ್ತಕದಂತೆ ಮಡಿಚಿಕೊಂಡಿತು.

ಅಲ್ಲಿಂದ ನೇರ ಕುರ್ಚಿ ಅಂಗಡಿಗೆ. ಅಜ್ಜಿ ಅಗಲವಾದ, ಮೆತ್ತನೆಯ ಆರಾಮಕುರ್ಚಿಯೊಂದನ್ನು ಒತ್ತಿ ಒತ್ತಿ ನೋಡಿದಳು. “ಮುದುಕಿಗೆ ಇದೇ ಸರಿ.”

‘ಅವಳಿಗೆ ಕುರ್ಚಿ ಬೇರೆ!’ ಗಿರಗಿಟ್ಲೆ ಹಲ್ಲು ಕಡಿದಳು.

“ಕಾರ್ಡ್ ಇದ್ಯಾ ಅಮ್ಮಾ?” ಅಂಗಡಿಯವನು ಕೇಳಿದ. “ಇವತ್ತೇ ತಗೊಂಡ್ ಹೋಗಿ. ದುಡ್ಡು ತಿಂಗಳು ತಿಂಗಳು ಕಟ್ಟಿದ್ರಾಯ್ತು.”

“ತಿಂಗಳು ತಿಂಗಳು ಕಟ್ಟಿ ಆಯ್ತಪ್ಪ,” ಎಂದು ಅಜ್ಜಿ ನೋಟುಗಳನ್ನು ಮುಂದಿಟ್ಟಳು. “ಮೊದಲೇ.”

ಕುರ್ಚಿ ಗಾಡಿಯಲ್ಲಿ ಬಂದು ಅವರ ಮನೆಯ ಮುಂದೆಯೇ ಇಳಿಯಿತು.

“ಅವಳು ನಮ್ಮನೆಗೇ ಬರ್ತಾಳಾ?”

“ಹೂಂ. ಇಲ್ಲೇ ಇರ್ತಾಳೆ. ಊಟಕ್ಕೆ, ಔಷಧಿಗೆ ಯಾರನ್ನೂ ಕೇಳ್ಬೇಕಾಗಿಲ್ಲ. ಅವಳ ಪಾಲು ಬ್ಯಾಂಕಲ್ಲಿ ಕೂತಲ್ಲೇ ಬೆಳೆದಿದೆ.”

ಕಿಟಕಿಯ ಪಕ್ಕ ಕುರ್ಚಿ ಹಾಕಿಸಿದರು. ಗಿರಗಿಟ್ಲೆ ಸೊಂಟಕ್ಕೆ ಕೈಯಿಟ್ಟು ಬಾಗಿಲನ್ನೇ ನೋಡುತ್ತ ನಿಂತಳು. ಕೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಹಿಂದೆ ಕುರ್ಚಿ ಕಿರ್ ಎಂದಿತು. ತಿರುಗಿ ನೋಡಿದರೆ, ಚಪ್ಪಲಿ ಬಿಟ್ಟು ಅಜ್ಜಿ ಕೂತಿದ್ದಾಳೆ. ಸಂಜೆಯ ಬೆಳಕು ಅವಳ ನೆರೆತ ಕೂದಲಿನ ಮೇಲೆ ಬಿದ್ದಿದೆ.

“ಬಂದ್ಲು ನೋಡು,” ಎಂದಳು ಅಜ್ಜಿ. “ಅದೇನೋ ಕೇಳ್ಬೇಕು ಅಂದಿದ್ಯಲ್ಲ, ಕೇಳು.”

ಗಿರಗಿಟ್ಲೆ ಸೊಂಟದ ಮೇಲಿನ ಕೈ ಇಳಿಸಿದಳು. ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದ ಹುಡುಗಿಯೊಬ್ಬಳು ಎಷ್ಟೋ ವರ್ಷ ನಡೆದು ನಡೆದು, ಈಗಷ್ಟೇ ಈ ಕಿಟಕಿಯ ಬಳಿ ತಲುಪಿದಂತೆ ಅವಳಿಗೆ ಕಂಡಿತು. ಅಜ್ಜಿಯ ಸುಕ್ಕುಗಳನ್ನು ಅವಳು ಹೊಸದಾಗಿ ನೋಡಿದಳು.

“ಅಜ್ಜೀ... ಆ ಹುಡುಗಿಗೆ ನಿನ್ನ ಗುರುತು ಹೇಗೆ ಸಿಕ್ತು?”

“ಗುರುತೆಲ್ಲಿ ಸಿಕ್ಕಿತ್ತು? ಬರ್ತಾಳೆ ಅಂತ ಮಾತ್ರ ಗೊತ್ತಿತ್ತು.”

ಗಿರಗಿಟ್ಲೆ ಸದ್ದಾಗದಂತೆ ಸ್ಟೂಲು ತಂದಳು. ಮುದುಕಿಯ ಕಾಲುಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲಿಟ್ಟಳು.