ಮಿರಾಂಡರ ಕೂಟದ ಮರುದಿನ

2024ರ ನವೆಂಬರ್ 18, ಸೋಮವಾರ. ಬೆಳಿಗ್ಗೆ ಏಳೂವರೆಗೆ ದುಬೈಯ ಅಲ್ ಕೂಜ್ ಕಡೆಯ ಠಾಣೆಗೆ ಒಂದು ಕರೆ ಬಂತು. ಕರೆ ಮಾಡಿದವಳು ಸಬೀನ, ಮಂಗಳೂರಿನವಳು, ಒಂದು ಕಬ್ಬಿಣದ ವರ್ಕ್‌ಶಾಪಿನ ಆಫೀಸಿನಲ್ಲಿ ಕೆಲಸ. ಇಂಗ್ಲಿಷಿನಲ್ಲಿ ಶುರುಮಾಡಿ, ಹಿಂದಿಗೆ ಇಳಿದು, ಕೊನೆಗೆ ಎರಡೂ ಕೈಕೊಟ್ಟು ಕನ್ನಡದಲ್ಲೇ ಅಳತೊಡಗಿದಳು. ಆಗ ಫೋನು ತಿಲಕ್‌ನ ಕೈಗೆ ಬಂತು.

"ಸಾರ್, ನಮ್ಮ ಬಾಸ್‌ನನ್ನು ಯಾರೋ ಕೊಂದು ಹಾಕಿದ್ದಾರೆ. ಶಟರ್ ತೆಗೆದದ್ದು ನಾನೇ."

"ಹೊರಗೆ ಬಂದು ನಿಲ್ಲಿ. ಏನನ್ನೂ ಮುಟ್ಟಬೇಡಿ."

"ಮುಟ್ಟುವ ಹಾಗೆ ಇಲ್ಲ ಸಾರ್."

ತಿಲಕ್ ಕಾಪುವಿನವನು, ಠಾಣೆಯ ಅನುವಾದಕ. ಅರಬ್ಬಿ, ಹಿಂದಿ, ತುಳು, ಕೊಂಕಣಿ ಎಲ್ಲ ಬಲ್ಲವನು. ಹೆಂಡತಿಯೆದುರು ಮಾತ್ರ ಯಾವ ಭಾಷೆಯೂ ಹೊರಡುವುದಿಲ್ಲ. ತನಿಖೆಯ ಹೊಣೆ ಕ್ಯಾಪ್ಟನ್ ಹಮದ್ ಸಯೀದ್‌ನದು. ಕಡಿಮೆ ಮಾತಿನ ಎಮಿರಾತಿ, ಇಲ್ಲಿಯದೇ ನೆಲದವನು. ಜೊತೆಗೆ ಸುಡಾನಿನ ಕಾನ್‌ಸ್ಟೇಬಲ್ ಉಸ್ಮಾನ್. ಮೂವರೂ ಅರ್ಧ ಗಂಟೆಯೊಳಗೆ ವರ್ಕ್‌ಶಾಪಿನಲ್ಲಿದ್ದರು.

ಸತ್ತವನು ಮಾಲೀಕ ಮೊರಿಸ್ ಮಿರಾಂಡ, ಐವತ್ತೆಂಟು ವರ್ಷ, ಕುಲಶೇಖರದ ಕಥೋಲಿಕ. ಕಟಿಂಗ್ ಮೆಷಿನ್ನಿನ ಪಕ್ಕ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ತಲೆಯಂತೆಯೇ ಇರಲಿಲ್ಲ. ರಕ್ತ ಕಬ್ಬಿಣದ ಪುಡಿಯೊಡನೆ ಕಲೆತು ಕಪ್ಪಗೆ ಹೆಪ್ಪುಗಟ್ಟಿತ್ತು. ಹೊಡೆದ ಪೈಪು ಅಲ್ಲೇ ಇತ್ತು, ಕೂದಲು ಅಂಟಿತ್ತು. ಬಲಗೈಯನ್ನು ಬೈಂಡಿಂಗ್ ವಯರಿನಿಂದ ಮೇಜಿನ ಕಾಲಿಗೆ ಬಿಗಿದಿದ್ದರು. ಅಂಗೈ ಸುಟ್ಟು ಎಲುಬು ಕಾಣುತ್ತಿತ್ತು. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿದ ಕಬ್ಬಿಣದ ತಗಡೊಂದನ್ನು ಅದರ ಮೇಲೆ ಒತ್ತಿ ಹಿಡಿದಿದ್ದರು.

ಉಸ್ಮಾನ್ ಹೊರಗೆ ಹೋಗಿ ಗೋಡೆ ಹಿಡಿದು ನಿಂತ. ಕ್ಯಾಪ್ಟನ್ ಬಗ್ಗಿ ಮಣಿಕಟ್ಟು ನೋಡಿದ. ತಂತಿ ಚರ್ಮ ಕೊಯ್ದು ಒಳಗಿಳಿದಿತ್ತು.

"ಎಳೆದಾಡಿದ್ದಾನೆ. ಜೀವ ಇತ್ತು. ಮೊದಲು ಕೈ, ಆಮೇಲೆ ತಲೆ."

"ಕಳ್ಳರಲ್ಲ ಹಾಗಾದರೆ," ಎಂದ ತಿಲಕ್.

"ಕಳ್ಳನಿಗೆ ಇಷ್ಟು ಪುರುಸೊತ್ತು ಎಲ್ಲಿಯದು?"

ನಮ್ಮೂರಾದರೆ ಎಫ್‌ಐಆರ್, ಪಂಚನಾಮೆ ಎನ್ನುತ್ತೇವೆ. ಇಲ್ಲಿ ಬರೆಯುವುದಕ್ಕೆ ಮಹ್ದರ್ ಎಂದು ಹೆಸರು. ನಮ್ಮ ಮಹಜರು ಎಂಬ ಮಾತು ಇಲ್ಲಿಂದಲೇ ಹಡಗು ಹತ್ತಿ ಬಂದದ್ದು, ಹಾಗಾಗಿ ತಿಲಕ್‌ಗೆ ಅದನ್ನು ಬರೆಯುವುದೆಂದರೆ ಊರಿನ ಕಚೇರಿಯಲ್ಲಿ ಕೂತಂತೆಯೇ. ಬರೆದು ಮುಗಿಸಿದಾಗ ಹತ್ತು ಗಂಟೆ.

ಆಫೀಸಿನ ಗೋಡೆಯಲ್ಲಿ ದೊಡ್ಡ ಭೂಪಟ, ಅದರ ತುಂಬ ಕೆಂಪು ಗುಂಡುಸೂಜಿಗಳು.

"ಇದೇನು?" ಕ್ಯಾಪ್ಟನ್ ಕೇಳಿದ.

ಸಬೀನ ಮೂಗು ಒರೆಸಿಕೊಂಡು ಹೇಳಿದಳು. "ಮಿರಾಂಡ ಹೆಸರಿನವರು ಇರುವ ದೇಶಗಳು. ಬಾಸ್‌ಗೆ ಅದೊಂದು ಹುಚ್ಚು. ಸ್ಪೇನಿನಲ್ಲಿ ಎಬ್ರೊ ನದಿ ಹತ್ತಿರ ಮಿರಾಂಡ ಅಂತ ಊರುಂಟಂತೆ. ಅಲ್ಲಿಂದ ಹೆಸರು ಪೋರ್ಚುಗಲ್, ಗೋವಾ, ಮಂಗಳೂರು. ಇನ್ನೊಂದು ಕಡೆ ಮೆಕ್ಸಿಕೊ, ಮನಿಲಾ. ಎಲ್ಲ ಒಂದೇ ರಕ್ತ ಅಂತಿದ್ದರು. ವರ್ಷಕ್ಕೊಮ್ಮೆ ಇಲ್ಲಿನ ಮಿರಾಂಡರನ್ನೆಲ್ಲ ಕರೆದು ಊಟ ಹಾಕ್ತಾರೆ. ನಿನ್ನೆ ಮಧ್ಯಾಹ್ನವೂ ಇತ್ತು."

ಮೊರಿಸ್‌ನ ಮುತ್ತಜ್ಜನ ಮುತ್ತಜ್ಜ ಎಬ್ರೊ ನದಿ ಕಂಡವನಲ್ಲ, ಗುರುಪುರ ಹೊಳೆ ಕಂಡವನು. ಜ್ಞಾನಸ್ನಾನ ಕೊಟ್ಟ ಪಾದ್ರಿಯೋ ಪಕ್ಕ ನಿಂತ ಯಾರೋ ಪರಂಗಿಯೋ ತನ್ನ ಹೆಸರನ್ನು ದಾನ ಮಾಡಿದ್ದಿರಬೇಕು. ಆದರೆ ದೊಡ್ಡಸ್ತಿಕೆಗೆ ಬಿದ್ದವನ ಮುಂದೆ ಇದನ್ನೆಲ್ಲ ಯಾರು ಹೇಳುತ್ತಾರೆ?

"ಊಟದಲ್ಲಿ ಜಗಳವೇನಾದರೂ?"

ಸಬೀನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ದಾಂತೆ ಅಂತ ನಮ್ಮ ವೆಲ್ಡರ್, ಫಿಲಿಪೀನಿ. ಅವನೂ ಮಿರಾಂಡ. ಬಾಸ್ ಮೈಕ್ ಹಿಡಿದು ಒಂದೇ ರಕ್ತ ಅಂದಾಗ ಇವನು, ರಕ್ತ ಎಲ್ಲಿಂದ ಬಂತು ಸಾರ್, ನಮಗೆ ಸರಕಾರ ಪುಸ್ತಕದಿಂದ ಹೆಸರು ಕೊಟ್ಟದ್ದು ಅಂದ. ಎಲ್ಲ ನಗಾಡಿದರು. ಬಾಸ್ ಕೆಳಗಿಳಿದು ಬಂದು ಕೆನ್ನೆಗೆ ಬಾರಿಸಿದರು. ತುಟಿ ಒಡೆದು ರಕ್ತ ಬಂತು."

ಮಧ್ಯಾಹ್ನ ಕೆಲಸಗಾರರನ್ನು ಅವರು ವಾಸವಿದ್ದ ಲೇಬರ್ ಕ್ಯಾಂಪಿನಲ್ಲಿ ಒಬ್ಬೊಬ್ಬರಾಗಿ ವಿಚಾರಿಸಿದರು. ಭಾನುವಾರ ಸಂಜೆ ತಾವೆಲ್ಲ ಕ್ಯಾಂಪಿನಲ್ಲೇ ಇದ್ದೆವೆಂದು ಎಲ್ಲರದೂ ಒಂದೇ ಮಾತು. ದಾಂತೆಗೆ ನಲವತ್ತರ ಆಚೆ ವಯಸ್ಸು, ಕೆಳತುಟಿ ಊದಿತ್ತು. ಅವನ ಹಿಂದೆ ಬಂದವನು ಗ್ರೈಂಡಿಂಗ್ ಮಾಡುವ ಇಪ್ಪತ್ತೈದರ ತರುಣ.

"ಪೂರ್ತಿ ಹೆಸರು?"

"ಜೋಯೆಲ್ ಮಿರಾಂಡ ಓಕಾಂಪೊ."

ಕ್ಯಾಪ್ಟನ್ ತಲೆಯೆತ್ತಿದ. "ನೀನೂ ಮಿರಾಂಡನೇ?"

"ಓಕಾಂಪೊ, ಸರ್."

"ನಡುವಿನದ್ದು ಅಪ್ಪನ ಹೆಸರು," ಎಂದು ತಿಲಕ್ ತಾನೇ ಅರಬ್ಬಿಯಲ್ಲಿ ಹೇಳಿಬಿಟ್ಟ. ಕ್ಯಾಪ್ಟನ್ ಒಪ್ಪಿದ. ಹಮದ್ ಸಯೀದ್ ಎಂದರೆ ಸಯೀದನ ಮಗ. ತಿಲಕ್‌ನ ಪಾಸ್‌ಪೋರ್ಟಿನಲ್ಲೂ ಹೆಸರಿನ ಮುಂದೆ ಇರುವುದು ಅಪ್ಪ ಕೊರಗಪ್ಪನೇ. ಇಬ್ಬರಿಗೂ ಅದರಲ್ಲಿ ಸಂಶಯವೇ ಬರಲಿಲ್ಲ.

"ಅಪ್ಪ ಎಲ್ಲಿದ್ದಾರೆ?"

"ತೀರಿಕೊಂಡರು ಸರ್."

"ಹೋಗು."

ಸಂಜೆ ನಾಲ್ಕಕ್ಕೆ ಬರ್ ದುಬೈಯ ಫ್ಲಾಟಿನಲ್ಲಿ ಮೊರಿಸ್‌ನ ಹೆಂಡತಿ ಪರ್ಲ್ ಸೋಫಾದ ತುದಿಯಲ್ಲಿ ಕೂತಿದ್ದಳು. ಮಕ್ಕಳಿಲ್ಲ. ಗಂಡ ಹಿಂದಿನ ಸಂಜೆ ಏಳಕ್ಕೆ ಒಂದು ಫೋನ್ ಬಂದು ವರ್ಕ್‌ಶಾಪಿಗೆ ಹೋದವನು ಎಂದಳು. ಕರೆ ಬಂದದ್ದು ಕ್ಯಾಂಪಿನಲ್ಲಿ ಎಲ್ಲರೂ ಬಳಸುವ ಫೋನಿನಿಂದ, ಮಾಡಿದವರು ಯಾರೋ ಗೊತ್ತಿಲ್ಲ. ತಿಲಕ್ ಊರಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ರೂಢಿಯಂತೆ ಕರೆದು ಮೆಲ್ಲಗೆ ಹೇಳಿದ.

"ಬಾಯಮ್ಮ, ತಲೆಗೆ ಪೆಟ್ಟು ಬಿದ್ದಿದೆ. ಅದಕ್ಕಿಂತ ಮೊದಲು ಅವರ ಕೈ ಸುಟ್ಟಿದ್ದಾರೆ."

"ಯಾವ ಕೈ?"

"ಬಲಗೈ."

ಅವಳು ಕಣ್ಣು ಮುಚ್ಚಿಕೊಂಡಳು. ಮತ್ತೆ ಏನು ಕೇಳಿದರೂ ಗೊತ್ತಿಲ್ಲ, ಗೊತ್ತಿಲ್ಲ. ಲಿಫ್ಟಿನಲ್ಲಿ ತಿಲಕ್ ಕ್ಯಾಪ್ಟನ್‌ಗೆ ಹೇಳಿದ, "ಗಂಡ ಸತ್ತ ಅಂದರೆ ಹೆಂಗಸರು ಯಾರು, ಯಾಕೆ ಅಂತ ಕೇಳುತ್ತಾರೆ. ಇವಳು ಯಾವ ಕೈ ಅಂತ ಕೇಳಿದಳು."

ಮಂಗಳವಾರ ವರ್ಕ್‌ಶಾಪಿನ ಹಿಂದಿನ ಕಸದ ಡ್ರಮ್ಮಿನಲ್ಲಿ ರಕ್ತ ಹತ್ತಿದ ವೆಲ್ಡಿಂಗ್ ಕೈಗವಸು ಸಿಕ್ಕಿತು. ಒಳಗೆ ಮಾರ್ಕರಿನಲ್ಲಿ ದಾಂತೆಯ ಹೆಸರು. ಅದೇ ಸಂಜೆ ಅವನಿಗೆ ಬೇಡಿ ಬಿತ್ತು. ಎಂಬತ್ತು ಜನರೆದುರು ಕೆನ್ನೆಗೆ ಹೊಡೆಸಿಕೊಂಡವನು, ಅವನದೇ ಗವಸು. ಇನ್ನೇನು ಬೇಕು? ಕೊಲೆ ಸಾಬೀತಾದರೆ ಇಲ್ಲಿ ಗುಂಡಿಕ್ಕುವುದೂ ಉಂಟು. ದಾಂತೆಗೆ ಅದು ಗೊತ್ತಿತ್ತು.

"ಗವಸು ಎಲ್ಲರೂ ತೆಗೆದುಕೊಳ್ಳುತ್ತಾರೆ ಸರ್. ನಾನು ಮಲಗಿದ್ದೆ. ನನಗೆ ಇಬ್ಬರು ಹೆಣ್ಣುಮಕ್ಕಳು."

"ಅವಮಾನ ಆಗಲಿಲ್ಲವೇ?"

"ಆಯಿತು. ಅದಕ್ಕೆ ಕೊಲ್ಲುತ್ತಾರಾ? ನನ್ನ ಅಜ್ಜನ ಅಜ್ಜನ ಕಾಲದಲ್ಲಿ ಸ್ಪೇನಿನ ಗವರ್ನರ್ ಊರೂರಿಗೆ ಹೆಸರಿನ ಪುಸ್ತಕ ಕಳಿಸಿದ. ನಮ್ಮ ಮನೆಗೆ ಮಿರಾಂಡ ಬಂತು, ಪಕ್ಕದ ಮನೆಗೆ ಮರ್ಕಾಡೊ. ಆ ಹೆಸರಿಗಾಗಿ ನಾನು ಯಾರ ಜೀವವನ್ನೂ ತೆಗೆಯುವವನಲ್ಲ."

ಕ್ಯಾಪ್ಟನ್ ಹೊರಗೆ ಬಂದು ಸಿಗರೇಟು ಹಚ್ಚಿದ. "ಕೆನ್ನೆಗೆ ಹೊಡೆದವನ ಅಂಗೈ ಸುಡುವುದೆಂದರೆ ನನಗೆ ಸರಿ ಕಾಣುವುದಿಲ್ಲ. ಆ ಹೆಂಗಸಿಗೆ ಏನೋ ಗೊತ್ತಿದೆ. ನಾಳೆ ನೀನೊಬ್ಬನೇ ಹೋಗು."

ಬುಧವಾರ ಪರ್ಲ್ ಬಾಗಿಲು ತೆರೆದಾಗ ತಿಲಕ್ ಕೂರಲೂ ಇಲ್ಲ.

"ಬಾಯಮ್ಮ, ದಾಂತೆಯನ್ನು ಒಳಗೆ ಹಾಕಿದ್ದಾರೆ. ಅವನಿಗೆ ಎರಡು ಮಕ್ಕಳುಂಟು. ನಿಮಗೆ ಗೊತ್ತಿದ್ದದ್ದು ನೀವು ಹೇಳದಿದ್ದರೆ ಅವನು ಉಳಿಯುವುದಿಲ್ಲ."

ಅವಳು ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಮತ್ತೆ ಒಂದೇ ಸಮನೆ ಹೇಳಿದಳು.

"ಒಂಬತ್ತು ವರ್ಷ ಆಯ್ತು. ತೆರೆಸಿತಾ ಅಂತ ಕೆಲಸದವಳು. ಏಜೆನ್ಸಿಯವರು ನಾಲ್ಕು ಜನರನ್ನು ತೋರಿಸಿದ್ದರು, ಇವರು ಹೆಸರು ನೋಡಿ ಅವಳನ್ನು ಆರಿಸಿದ್ದು. ಮಿರಾಂಡ, ನಮ್ಮವಳೇ ಅಂತ. ಮೊದಲು ನಮ್ಮ ಜೊತೆಗೇ ಕೂತು ಊಟ. ಆಮೇಲೆ ಅವಳು ರಜೆ ಕೇಳಿದಳು. ಮನೆಯವರಿಗೆ ರಜೆ ಎಂತದು ಅಂದರು ಇವರು. ಮಗನಿಗೆ ಹುಷಾರಿಲ್ಲ, ಊರಿಗೆ ಹೋಗ್ಬೇಕು ಅಂದಳು. ಇದೇ ನಿನ್ನ ಮನೆ ಅಂದರು. ಒಂದು ದಿನ ಇಸ್ತ್ರಿ ಹಾಕ್ತಾ ಇದ್ದವಳು ಹೇಳಿಬಿಟ್ಟಳು, ನಾನು ನಿಮ್ಮ ಮನೆಯವಳಲ್ಲ ಸಾರ್, ಕೆಲಸದವಳು ಅಂತ. ಇವರು ಅವಳ ಬಲಗೈ ಹಿಡಿದು ಮೇಜಿನ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ."

"ನೀವು ಎಂತ ಮಾಡಿದ್ರಿ?"

"ಟಿವಿ ದೊಡ್ಡ ಮಾಡಿದೆ. ಪಕ್ಕದ ಫ್ಲಾಟಿಗೆ ಕೇಳಬಾರದಲ್ಲ."

ತಿಲಕ್‌ಗೆ ಸಿಟ್ಟು ನೆತ್ತಿಗೇರಿತು. ಆದರೆ ಕೇಳಬೇಕಾದದ್ದು ಇನ್ನೂ ಇತ್ತು.

"ಆಸ್ಪತ್ರೆಗೆ?"

"ಕೇಸಾಗ್ತದೆ ಅಂತ ಕಳಿಸಲಿಲ್ಲ. ಎರಡು ವಾರ ಬಿಟ್ಟು ವಿಮಾನ ಹತ್ತಿಸಿದರು. ಕೈ ಕೊಳೆತಿತ್ತು. ಊರಲ್ಲಿ ಕಡಿದರಂತೆ, ಆದರೂ ಅವಳು ಉಳೀಲಿಲ್ಲ. ಮೊನ್ನೆ ಭಾನುವಾರ ಇವರು ಮೈಕಿನಲ್ಲಿ ಅವಳದ್ದೇ ಕತೆ ಹೇಳಿದರು. ಫಿಲಿಪೀನ್ಸಿನ ಒಬ್ಬಳು ಮಿರಾಂಡಳನ್ನು ನಾವು ಒಡಹುಟ್ಟಿದವಳ ಹಾಗೆ ಸಾಕಿದೆವು ಅಂತ. ಜನ ಚಪ್ಪಾಳೆ ತಟ್ಟಿದರು. ನನಗೆ ಊಟ ಇಳೀಲಿಲ್ಲ."

"ಮಗನ ಹೆಸರು?"

"ಗೊತ್ತಿಲ್ಲ. ಆಗ ಹದಿನಾರು ಇದ್ದಿರಬೇಕು."

ಈಗ ಹುಡುಕಬೇಕಾದದ್ದು ಇಪ್ಪತ್ತೈದರ ಆಸುಪಾಸಿನ ಫಿಲಿಪೀನಿ ಮಿರಾಂಡನನ್ನು. ಉಸ್ಮಾನ್ ಕಂಪ್ಯೂಟರಿನ ಮುಂದೆ ಕೂತು ತಲೆ ಚಚ್ಚಿಕೊಂಡ. ದುಬೈ, ಶಾರ್ಜಾ, ಅಬುಧಾಬಿ ಎಲ್ಲೆಲ್ಲೂ ಮಿರಾಂಡರು. ಮೊರಿಸ್‌ನ ಗುಂಡುಸೂಜಿಗಳೆಲ್ಲ ಈಗ ಪೊಲೀಸರಿಗೇ ಚುಚ್ಚತೊಡಗಿದವು.

ಗುರುವಾರ ಮಧ್ಯಾಹ್ನ ತಿಲಕ್ ಸೆಲ್ಲಿನ ಸರಳಿನ ಹತ್ತಿರ ಬಂದು ದಾಂತೆಯನ್ನು ಕೇಳಿದ, "ತೆರೆಸಿತಾ ಮಿರಾಂಡ ಎಂಬವಳ ಮಗ, ಯಾವ ಮಿರಾಂಡ ಇರಬಹುದು? ಯಾರನ್ನಾದರೂ ಬಲ್ಲೆಯಾ?"

"ತಾಯಿ ಮಿರಾಂಡ ಆದರೆ ಮಗ ಯಾಕೆ ಮಿರಾಂಡ ಆಗುತ್ತಾನೆ?" ಎಂದ ದಾಂತೆ. "ಮಗನಿಗೆ ಕೊನೆಗೆ ಬರುವುದು ಅಪ್ಪನ ಮನೆತನ. ತಾಯಿಯ ಮನೆತನ ನಡುವೆ."

"ನಡುವೆ ಬರುವುದು ಅಪ್ಪನ ಹೆಸರಲ್ಲವೇ?"

"ಅದು ನಿಮ್ಮಲ್ಲಿ. ನಮ್ಮಲ್ಲಿ ತಾಯಿಯದು."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಗಿತ್ತು. ತಿಲಕ್ ಕ್ಯಾಪ್ಟನ್‌ನ ಕೋಣೆಗೆ ಓಡಿದ. "ಜೋಯೆಲ್ ಸರ್. ಮಿರಾಂಡ ಅವನ ಅಮ್ಮನ ಮನೆತನ. ತಪ್ಪು ನನ್ನದು, ಅಪ್ಪನ ಹೆಸರು ಅಂತ ಹೇಳಿದವನು ನಾನೇ."

"ನಾನೂ ಹಾಗೇ ತಿಳಿದೆ," ಎಂದು ಕ್ಯಾಪ್ಟನ್ ಎದ್ದ. "ಎಲ್ಲಿದ್ದಾನೆ?"

ಕ್ಯಾಂಪಿನಲ್ಲಿರಲಿಲ್ಲ. ವರ್ಕ್‌ಶಾಪು ಮುಚ್ಚಿದೆಯೆಂದು ಮಂಗಳವಾರ ಬೆಳಿಗ್ಗೆಯೇ ಅಬುಧಾಬಿಯ ಮುಸಫಾದಲ್ಲಿರುವ ಗೆಳೆಯನ ಬಳಿಗೆ ಹೋಗಿದ್ದ. ಅಲ್ಲಿನ ಪೊಲೀಸರಿಗೆ ತಿಳಿಸಿ, ಅವರ ಇಬ್ಬರನ್ನು ಜೊತೆಗಿಟ್ಟುಕೊಂಡು ಮೂವರೂ ಆ ಗೆಳೆಯನ ಗುಜರಿ ಯಾರ್ಡು ತಲುಪಿದಾಗ ಬಿಸಿಲು ಇನ್ನೂ ಇತ್ತು.

ಜೋಯೆಲ್ ಕಾರಿನ ಬಾಗಿಲೊಂದನ್ನು ಬಿಚ್ಚುತ್ತಿದ್ದ. ಸಮವಸ್ತ್ರ ಕಂಡದ್ದೇ ಕೈಯಲ್ಲಿದ್ದ ಕಬ್ಬಿಣದ ಸರಳು ಬೀಸಿದ. ಮುಂದೆ ನುಗ್ಗಿದ್ದ ಉಸ್ಮಾನ್‌ನ ಮುಂಗೈ ಲಟಕ್ಕೆಂದಿತು. ಅವನು ಕೆಳಗೆ ಬಿದ್ದು ಹೊರಳಿದ. ಎರಡನೆಯ ಏಟು ಅಬುಧಾಬಿ ಪೊಲೀಸನ ಭುಜಕ್ಕೆ ಬಿತ್ತು. ಕ್ಯಾಪ್ಟನ್ ಪಿಸ್ತೂಲು ಎತ್ತಿದ. ಜೋಯೆಲ್ ಬಿದ್ದಿದ್ದ ಉಸ್ಮಾನ್‌ನ ತಲೆಯ ಮೇಲೆ ಸರಳು ಎತ್ತಿ ನಿಂತ.

"ಹಾಕು ಕೆಳಗೆ. ಗುಂಡು ಹಾರಿಸುತ್ತೇನೆ."

"ಹಾರಿಸಿ."

ಹುಡುಗನ ಕಣ್ಣಿನಲ್ಲಿ ಸಾಯುವ ಹೆದರಿಕೆಯೇ ಇರಲಿಲ್ಲ. ತಿಲಕ್‌ಗೆ ಬಾಯಿಗೆ ಬಂದದ್ದು ಒಂದೇ ಮಾತು.

"ದಾಂತೆ ಜೈಲಿನಲ್ಲಿದ್ದಾನೆ. ನೀನು ಸತ್ತರೆ ಅವನನ್ನು ಬಿಡಿಸುವವರು ಯಾರೂ ಇಲ್ಲ."

"ದಾಂತೆ ಯಾಕೆ? ಅವನೇನು ಮಾಡಿದ?"

"ಗವಸು ಅವನದು. ಹೆಸರೂ ಮಿರಾಂಡ. ಅಷ್ಟು ಸಾಕಾಯಿತು."

ಜೋಯೆಲ್ ಸ್ವಲ್ಪ ಹೊತ್ತು ತಿಲಕ್‌ನ ಮುಖ ನೋಡಿದ. ಸರಳನ್ನು ಮೆಲ್ಲಗೆ ನೆಲಕ್ಕಿಟ್ಟು ಎರಡೂ ಕೈ ಮುಂದೆ ಚಾಚಿದ. ಉಸ್ಮಾನ್ ನೋವಿಗೆ ಹಲ್ಲು ಕಚ್ಚಿಕೊಂಡೇ ಬೇಡಿಯನ್ನು ಕ್ಯಾಪ್ಟನ್‌ನತ್ತ ಎಸೆದ.

ಶುಕ್ರವಾರ ಬೆಳಿಗ್ಗೆ ದಾಂತೆಯನ್ನು ಬಿಟ್ಟರು. ಹೊರಡುವ ಮುಂಚೆ ಅವನು ಜೋಯೆಲ್ ಊಟ ಮಾಡಿದನೇ ಎಂದು ವಿಚಾರಿಸಿದ. ಅದಾದ ಮೇಲೆ ಹೇಳಿಕೆ ಬರೆದುಕೊಂಡರು. ಜೋಯೆಲ್ ಯಾವುದನ್ನೂ ಬಚ್ಚಿಡಲಿಲ್ಲ.

"ಕೊಲ್ಲಬೇಕೆಂದೇ ಆ ವರ್ಕ್‌ಶಾಪಿಗೆ ಸೇರಿದೆಯಾ?"

"ಇಲ್ಲ ಸರ್. ಅವನು ಎಂಥವನು ಅಂತ ನೋಡಬೇಕಿತ್ತು. ಎಂಟು ತಿಂಗಳು ನೋಡಿದೆ. ಒಂದು ಸಾರಿ ತಪ್ಪಾಯಿತು ಅಂದಿದ್ದರೆ ಊರಿಗೆ ಹೋಗುತ್ತಿದ್ದೆ. ಭಾನುವಾರ ಕುರ್ಚಿ ಹಾಕಲು ನನ್ನನ್ನೂ ಕರೆದಿದ್ದರು. ಅಲ್ಲಿ ಅವನು ಅಮ್ಮನ ಬಗ್ಗೆ ಮಾತಾಡಿದ. ಜನ ಚಪ್ಪಾಳೆ ತಟ್ಟಿದರು. ಸಂಜೆ ಮೆಷಿನ್ ಕೆಟ್ಟಿದೆ ಅಂತ ಕ್ಯಾಂಪಿನ ಫೋನಿನಿಂದ ಹೇಳಿ ಕರೆಸಿದೆ."

"ಬಂದಮೇಲೆ?"

"ಮನೆಯಲ್ಲಿ ಸಾಕಿದವಳ ಹೆಸರೇನು ಅಂತ ಕೇಳಿದೆ. ಮಿರಾಂಡ ಅಂದ. ಅದು ನಿಮ್ಮ ಹೆಸರು, ಅವಳದು ಹೇಳಿ ಅಂದೆ. ಯೋಚಿಸಿದ. ನೆನಪಾಗಲಿಲ್ಲ. ಕೈ ಕಟ್ಟಿ ಮತ್ತೆ ಕೇಳಿದೆ. ಮರಿಯಾ ಅಂದ, ಆಮೇಲೆ ರೋಸಾ ಅಂದ. ತಗಡು ಒತ್ತಿದಾಗಲೂ ಅವನಿಗೆ ನೆನಪಾಗಲಿಲ್ಲ ಸರ್."

ಕ್ಯಾಪ್ಟನ್ ಪೆನ್ನನ್ನು ತಿಲಕ್‌ನತ್ತ ಸರಿಸಿದ. ತಿಲಕ್ ಕೊಲೆಯ ಕಾರಣ ಬರೆಯುವ ಜಾಗದಲ್ಲಿ ತೆರೆಸಿತಾ ಎಂದು ಅರಬ್ಬಿಯಲ್ಲಿ ಬರೆದು, ಗಟ್ಟಿಯಾಗಿ ಓದಿ, ಸರಿಯಾಗಿದೆಯೇ ಎಂದು ಹುಡುಗನನ್ನು ಕೇಳಿದ. ಜೋಯೆಲ್ ಇನ್ನೊಮ್ಮೆ ಓದಲು ಹೇಳಿದ.