ಸಡಿಲ ಸ್ಥಿತಿಯ ಆರು ತಾಸು

ಹಿರೇಮಟ್ಟಿ ನೋಂದಣಿ ಕಚೇರಿಯ ಅನುಮತಿ ಯಂತ್ರ ಸೋಮವಾರ ಬೆಳಿಗ್ಗೆ ಚಾಲೂ ಆಯಿತು, ನೀನು ಯಾರೆಂದು ತನ್ನನ್ನೇ ಕೇಳಿಕೊಂಡಿತು, ಉತ್ತರ ಹೊಂದಲಿಲ್ಲವೆಂದು ಆರಿಹೋಯಿತು. ಹೀಗೆ ಒಂಬತ್ತು ಸಲ.

ಆ ಕಾಲಕ್ಕೆ ಮದುವೆ, ಜನನ, ಹೆಸರು ಬದಲಾವಣೆ ಯಾವುದಕ್ಕೂ ಗುಮಾಸ್ತರ ಸಹಿ ಬೇಕಿರಲಿಲ್ಲ. ಕಾಗದಗಳನ್ನು ತಾಳೆ ನೋಡಿ ಒಪ್ಪುವುದೂ ಒಲ್ಲೆನ್ನುವುದೂ ಈ ಯಂತ್ರದ್ದೇ ಕೆಲಸ. ಅದನ್ನು ರೂಪಿಸಿದ ವಿಜ್ಞಾನಿ ಶಾಂಭವಿ ಬೆಳವಡಿ ಹಿಂದಿನ ದಿನವಷ್ಟೇ ಅದರ ಭದ್ರತೆಯನ್ನು ಬಿಗಿಗೊಳಿಸಿದ್ದಳು.

“ನಂಬಿಕೆ ಚೀಟಿ ಇಲ್ಲದ ಯಾವ ಕಡತವೂ ಒಳಗೆ ಓಡಬಾರದು ಅಂತ ನಿಯಮ ಬರೆದೆ. ಯಂತ್ರವನ್ನು ಎಬ್ಬಿಸೋ ಕಡತಕ್ಕೇ ಚೀಟಿ ಹಚ್ಚೋದು ಮರೆತೆ,” ಎಂದಳು.

ಜವಾನ ಹಸನ್‌ಸಾಬ್ ನದಾಫ ತಲೆದೂಗಿದ. “ಅಂದ್ರ, ಕೀಲಿ ಹಿಡಕೊಂಡಾವನ್ನ ಹೊರಗ ನಿಲ್ಲಿಸಿ ಬಾಗಲಾ ಹಾಕೀರಿ.”

ಶಾಂಭವಿಗೆ ಸಿಟ್ಟು ಬಂತು. ಮಾತು ಸರಿಯಾಗಿದ್ದರಿಂದ ನುಂಗಿಕೊಂಡಳು. ಯಂತ್ರ ಏಳುವ ಕ್ಷಣದಲ್ಲೇ ತಡೆದು, ಒಂದು ಸಾಲಿನ ಆದೇಶ ಕೊಟ್ಟು ಅದನ್ನು ಸಡಿಲ ಸ್ಥಿತಿಯಲ್ಲಿ ಎಬ್ಬಿಸಿದಳು. ಆ ಸ್ಥಿತಿಯಲ್ಲಿ ಯಂತ್ರ ತಪ್ಪನ್ನು ಬರೆದಿಟ್ಟುಕೊಳ್ಳುತ್ತದೆ, ಯಾರನ್ನೂ ತಡೆಯುವುದಿಲ್ಲ. ಎಲ್ಲ ಕಡತಗಳಿಗೂ ಹೊಸ ಚೀಟಿ ಅಂಟಲು ಆರು ತಾಸು ಬೇಕಿತ್ತು. ಅಲ್ಲಿಯವರೆಗೆ ಅರ್ಜಿ ತೆಗೆದುಕೊಳ್ಳುವ ಕಿಟಕಿ ತೆರೆಯಬೇಡ ಎಂದು ಹಸನ್‌ಸಾಬನಿಗೆ ಹೇಳಿ ಒಳಕೋಣೆಗೆ ಹೋದಳು.

ಕಿಟಕಿಯಾಚೆ ಕಮಲವ್ವ, ದ್ಯಾಮಣ್ಣ ಕೈಯಲ್ಲಿ ಹಾರ ಹಿಡಿದು ನಿಂತಿದ್ದರು. ಇಬ್ಬರಿಗೂ ಅರವತ್ತು ದಾಟಿತ್ತು. ಒಬ್ಬಳು ವಿಧವೆ, ಒಬ್ಬ ವಿಧುರ. ಅವರ ಮದುವೆಗೆ ಯಂತ್ರ ಮೂರು ಸಲ ಒಲ್ಲೆಂದಿತ್ತು; ಅದು ಅವರ ನಾಲ್ಕನೆಯ ಹಾರ. ಹಸನ್‌ಸಾಬ್ ಹಾರವನ್ನು ನೋಡಿದ, ಒಳಕೋಣೆಯ ಬಾಗಿಲನ್ನು ನೋಡಿದ, ಕಿಟಕಿ ತೆರೆದ. ಸುದ್ದಿ ಸಂತೆಯವರೆಗೂ ಹೋಯಿತು.

ಸಂಜೆ ಶಾಂಭವಿ ನೋಡಿದಾಗ ಅರವತ್ತೊಂದು ಅರ್ಜಿಗಳು ಮಂಜೂರಾಗಿದ್ದವು. ಒಂದು ಗುಂಡಿ ಒತ್ತಿದರೆ ಎಲ್ಲವೂ ರದ್ದು. ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡೇ ಯಂತ್ರ ಬರೆದಿಟ್ಟ ತಪ್ಪುಗಳನ್ನು ಓದತೊಡಗಿದಳು. ಹೆಸರಿನ ಮುಂದೆ ಚುಕ್ಕೆ ಹೆಚ್ಚು. ಭಾವಚಿತ್ರದಲ್ಲಿ ನಗು ಇದೆ. ಕಮಲವ್ವ ಒಂದು ಕಾಗದದಲ್ಲಿ ಕಮಲಾಬಾಯಿ. ದ್ಯಾಮಣ್ಣನ ಹೆಬ್ಬೆರಳಿನ ಗೆರೆ ಸವೆದಿದೆ; ಅವನು ನಲವತ್ತು ವರ್ಷ ಕಲ್ಲು ಕಡೆದವನು. ಪೂರ್ತಿ ಓದಿದಳು. ಮೋಸಗಾರ ಒಬ್ಬನೂ ಸಿಗಲಿಲ್ಲ. ಬೆರಳು ತೆಗೆದಳು.

ಮರುದಿನ ಯಂತ್ರ ಅಚ್ಚುಕಟ್ಟಾಗಿ ಎದ್ದು, ಮೊದಲು ಅರ್ಜಿ ಕೊಟ್ಟ ಇಬ್ಬರನ್ನೂ ಒಲ್ಲೆಂದಿತು. ಕಚೇರಿಯ ಮುಂದೆ ಸುತ್ತಲಿನ ಹಳ್ಳಿಗಳೇ ಸಾಲುಗಟ್ಟಿದ್ದವು. ಆದರೆ ಆಮೇಲೆ ಯಾರೂ ಅರ್ಜಿ ಕೊಡುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಕಂಕುಳಲ್ಲಿ ಕೂಸು ಹೊತ್ತ ಹೆಣ್ಣುಮಗಳೊಬ್ಬಳು ಶಾಂಭವಿಯ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

“ಮೇಡಮ್ಮಾರ, ಇದು ಮತ್ತ ಯಾವಾಗ ಕೆಡತೈತ್ರಿ?”

ಶಾಂಭವಿ ಆಚೀಚೆ ನೋಡಿದಳು.

“ಗುರುವಾರ ಬಾ,” ಎಂದಳು.