ಬಣ್ಣ ಬದಲಿಸದ ನೀಲಿ ಮಣಿ

ಬಾಟಲಿಯ ಪುಡಿಗೆ ನೀರು ಬೆರೆಸಿದೆ. ಹಾಲಿನಂತೆ ಬೆಳ್ಳಗಾಗಬೇಕಿತ್ತು; ಕರಗಿ ತಿಳಿಯಾಯಿತು. ಪರೀಕ್ಷಿಸಿದರೆ — ಸಕ್ಕರೆ! ಯಾರೋ ಲಸಿಕೆ ಕದ್ದು ಸಕ್ಕರೆ ತುಂಬಿಟ್ಟಿದ್ದರು.

ಕದ್ದದ್ದು ಎರಡು ವರ್ಷದ ದುಡಿಮೆ. ಕ್ಯಾನ್ಸರ್ ಗಡ್ಡೆಯನ್ನು ಗುರುತಿಸಲು ದೇಹಕ್ಕೆ ಕಲಿಸುವ ಪ್ರೋಟೀನನ್ನು ಕಣ್ಣಿಗೆ ಕಾಣದ ಉಂಡೆಗಳಲ್ಲಿ ತುಂಬಿದ ಲಸಿಕೆ ಅದು. ಚುಚ್ಚಿದ ಮೇಲೆ ಉಂಡೆಗಳು ನಲವತ್ತು ದಿನ ನಿಧಾನವಾಗಿ ಕರಗುತ್ತವೆ. ಇಲಿಗಳಿಗಷ್ಟೇ ಕೊಟ್ಟಿದ್ದೆವು.

ಫ್ರೀಜರಿನ ಬೀಗದ ಕೈ ಮೂವರಲ್ಲಿತ್ತು. ಮೊನ್ನೆ ಎಲ್ಲ ಸರಿಯಿತ್ತು; ನಿನ್ನೆ ನಾನು ಸೋಫಿಯಾ ನಗರಕ್ಕೆ ಹೋಗಿದ್ದೆ. ನಮ್ಮ ಹಿರಿಯರು ಡಾಕ್ಟರ್ ಲ್ಯುದ್ಮಿಲ್. ಮೂರನೆಯವಳು ಕಸಗುಡಿಸುವ ಗಿನ್ಕಾ. ಗಂಡ ತೀರಿ ನಲವತ್ತನೇ ದಿನವೆಂದು ನಿನ್ನೆ ಪದ್ಧತಿಯಂತೆ ಬೇಯಿಸಿದ ಗೋಧಿಗೆ ಸಕ್ಕರೆ ಪುಡಿ ಉದುರಿಸಿ ಎಲ್ಲರಿಗೂ ಹಂಚಿದ್ದಳು. ಮಿಕ್ಕ ಸಕ್ಕರೆ ಚಹಾದ ಕೋಣೆಯಲ್ಲೇ ಇತ್ತು. ಸಾಲದೇ? ಸಂಜೆಯೊಳಗೆ ಅವಳನ್ನು ಕೆಲಸದಿಂದ ಕಿತ್ತುಹಾಕುವುದಾಗಿ ನಿರ್ದೇಶಕರು ಗುಡುಗಿದರು.

ಪೊಲೀಸ್ ಅಧಿಕಾರಿ ಯಾನಾ ಪಿರೋವಾ ಗಿನ್ಕಾಳನ್ನು ಗಂಡನ ಬಗ್ಗೆಯೇ ಕೇಳಿದಳು.

"ಇವತ್ತೂ ಎರಡು ಲೋಟ ಇಟ್ಟೆ ಮೇಡಂ," ಎಂದಳು ಗಿನ್ಕಾ. "ಕೈಗೆ ಗೊತ್ತಾಗೋದಿಲ್ಲ."

ಯಾನಾ ಫ್ರೀಜರಿನಿಂದ, ಲಸಿಕೆಯ ಬಾಟಲಿ ಇಡುವಂಥದೇ ಒಂದು ಖಾಲಿ ಡಬ್ಬಿ ತೆಗೆಸಿ, ತೆರೆಯಲು ಅವಳಿಗೆ ಹೇಳಿದಳು. ಗಿನ್ಕಾ ತಕ್ಷಣ ಮುಚ್ಚಳ ತಿರುಗಿಸಿದಳು. ಒಳಗಿನ ತೇವ ಹೀರುವ ನೀಲಿ ಮಣಿಗಳು ನೋಡನೋಡುತ್ತಿದ್ದಂತೆ ಗುಲಾಬಿಯಾದವು.

"ಕಳುವಾದ ಲಸಿಕೆಯ ಡಬ್ಬೀನ ಇವತ್ತು ನೀನು ಹೇಗೆ ತೆರೆದೆ?" ಯಾನಾ ನನ್ನತ್ತ ತಿರುಗಿದಳು.

"ಅರ್ಧ ಗಂಟೆ ಹೊರಗಿಟ್ಟು. ತಣ್ಣಗಿದ್ದಾಗ ತೆರೆದರೆ ತೇವ ಕೂರುತ್ತೆ, ಮಣಿ ಬಣ್ಣ ಬದಲಿಸುತ್ತೆ."

"ಅದರ ಮಣಿ ಏನಾಗಿತ್ತು?"

"ನೀಲಿ..." ಎಂದೆ. ಕಣ್ಣೆದುರಿಗೇ ಇದ್ದದ್ದನ್ನು ನಾನೇ ಕಂಡಿರಲಿಲ್ಲ.

"ಅಂದರೆ ಕಳ್ಳನೂ ಅರ್ಧ ಗಂಟೆ ಕಾದಿದ್ದಾನೆ. ಬೀಗದ ಕೈ ಇರೋ ಮೂವರಲ್ಲಿ ಕಾಯಬೇಕು ಅನ್ನೋದು ಗೊತ್ತಿರೋರು ಇಬ್ಬರೇ. ನೀನು ಊರಲ್ಲಿರಲಿಲ್ಲ. ಅಲ್ವೇ, ಡಾಕ್ಟರ್ ಲ್ಯುದ್ಮಿಲ್?"

ಲ್ಯುದ್ಮಿಲ್ ಕುರ್ಚಿ ಎಳೆದು ಕೂತರು. ಅವರ ಹೆಂಡತಿ ಸೆವ್ದಾಗೂ ಅದೇ ಗಡ್ಡೆ. ಅದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ಚುಚ್ಚಿಲ್ಲ," ಎಂದರು. "ಮನೆಯ ಫ್ರೀಜರಿನಲ್ಲಿದೆ. ರಾತ್ರಿಯೆಲ್ಲ ಸೂಜಿ ಹಿಡಿದು ಕೂತಿದ್ದೆ. ಉಂಡೆ ಕರಗೋಕೆ ನಲವತ್ತು ದಿನ ಬೇಕು. ಅವಳಿಗಿರೋದು ಇಪ್ಪತ್ತು."

ತನ್ನ ಮೇಲೆ ಕಳ್ಳತನದ ಆರೋಪ ಬಂದಾಗ ಸುಮ್ಮನಿದ್ದ ಆ ಮನುಷ್ಯನನ್ನು ಗಿನ್ಕಾ ಬಹಳ ಹೊತ್ತು ನೋಡಿದಳು. ಬಯ್ಯುತ್ತಾಳೆಂದುಕೊಂಡೆ. ಅವಳು ಗೂಟದಲ್ಲಿದ್ದ ಅವರ ಕೋಟು ತಂದು ಮಡಿಲಲ್ಲಿಟ್ಟಳು.

"ಇಪ್ಪತ್ತು ದಿನ ಇದೆಯಲ್ಲ ಡಾಕ್ಟ್ರೇ. ನಂಗೆ ಒಂದೂ ಸಿಗಲಿಲ್ಲ. ಇಲ್ಲೇನು ಮಾಡ್ತಾ ಕೂತಿದ್ದೀರಿ?"